ಕೊಡಲೇ ಎಂದರೆ ಬೇಡ ಎನ್ನುವವರಿಗೊಂದು ಕೈಪಿಡಿ

ಗುಂಡಿ ಒತ್ತಿದರೆ ಏನಾಗಬೇಕು ಎಂದು ಬರೆಯುವವನ ಬದುಕಿನಲ್ಲಿ, ಒತ್ತಿದ ಮೇಲೆ ಆಗಬಾರದ್ದೇ ಹೆಚ್ಚು ಆಗುತ್ತದೆ. ತಡೆಯೋಣವೆಂದರೆ ಅದಕ್ಕೊಂದು ಗುಂಡಿ ಇನ್ನೂ ಬಂದಿಲ್ಲ.

ನಾನಿರುವುದು ಚಿಕ್ಕಬಳ್ಳಾಪುರದ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ. ಕೆಳಗೆ ಗೊಬ್ಬರದ ಅಂಗಡಿ, ಮೇಲೆ ನಾವು. ಕಂಪ್ಯೂಟರ್ ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಅದಕ್ಕೂ ಮೊದಲು ಚಳವಳಿಗಳಲ್ಲಿ ಮೈಕ್ ಹಿಡಿದು ಘೋಷಣೆ ಕೂಗುತ್ತಿದ್ದೆ, ಅದನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಆಫೀಸು ಒಂದು ಟೂಲ್ ಮಾಡಿದೆ. ಪರದೆಯ ಮೇಲಿನ ಗುಂಡಿ ಒತ್ತಿದರೆ ಏನಾಗಬೇಕೆಂದು ನೀವು ಹೇಳಿದರೆ ಸಾಕು, ಬೇಕಾದ ಕೋಡನ್ನು ಅದೇ ಬರೆದುಕೊಡುತ್ತದೆ. ಆ ಕೋಡಿನ ತುಂಡಿಗೆ ಹ್ಯಾಂಡ್ಲರ್ ಅನ್ನುತ್ತಾರೆ. ಟೂಲನ್ನು ಬಳಸುವುದು ಹೇಗೆಂದು ಕೈಪಿಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡದಲ್ಲಿ ಬರೆದೆ. ಟೂಲಿನ ಪರದೆಯ ಮಾತುಗಳನ್ನೂ ಕನ್ನಡ ಮಾಡಿದೆ. ನಾವೆಲ್ಲ ಸಾರ್ ಅನ್ನುವ ಆಫೀಸಿನ ಯಜಮಾನರಿಗೆ ಇಂಗ್ಲಿಷೇ ಬೇಕಿತ್ತು. ಜಗಳವಾಡಿ ಒಂದು ಷರತ್ತಿಗೆ ಬಂದೆವು. ಚಿಂತಾಮಣಿಯ ಕಂಪ್ಯೂಟರ್ ತರಗತಿಯವರು ನನ್ನ ಕೈಪಿಡಿ ನೋಡಿಕೊಂಡು, ತಾವೇ ಒಂದು ಗುಂಡಿಯನ್ನು ಕೆಲಸಕ್ಕೆ ಹಚ್ಚಿದರೆ ಕನ್ನಡ ಉಳಿಯುತ್ತದೆ. ಇಲ್ಲದಿದ್ದರೆ ಎಲ್ಲವನ್ನೂ ಅಳಿಸುವುದು.

ಅರ್ಥವಾಗುವ ಅಪರಾಧ

ಕೈಪಿಡಿಯ ಮೊದಲ ಪುಟದಲ್ಲಿ ಹೀಗೆ ಬರೆದಿದ್ದೆ: ಬಾಗಿಲ ಬೆಲ್ ಒತ್ತಿದರೆ ಒಳಗಿನವರು ‘ಯಾರು?’ ಅನ್ನುತ್ತಾರೆ. ಬೆಲ್ ಒತ್ತಿದ್ದು ಘಟನೆ, ‘ಯಾರು’ ಅಂದದ್ದು ಹ್ಯಾಂಡ್ಲರ್.

ಸಾರ್ ಓದಿ ಮುಖ ಹಿಂಡಿದರು. ಇದು ತೀರಾ ಕೆಳಮಟ್ಟದ್ದಾಯಿತು, ನಮ್ಮ ಅಜ್ಜಿಗೂ ಅರ್ಥವಾಗುತ್ತೆ ಅಂದರು.

“ಅರ್ಥ ಆದ್ರೆ ತಪ್ಪಾ ಸಾರ್?”

“ತಪ್ಪಲ್ಲಪ್ಪ. ಆದ್ರೆ ನೋಡಿದ ತಕ್ಷಣ ಅರ್ಥ ಆಗ್ಬಿಟ್ರೆ, ಇದನ್ನ ಮಾಡೋಕೆ ನಾವು ಎರಡು ವರ್ಷ ಯಾಕೆ ತಗೊಂಡ್ವಿ ಅಂತ ಕೇಳಲ್ವಾ?”

ಅರ್ಥವಾಗದ ಹಾಗೆ ಬರೆಯುವುದು ಬೇಲಿ ಹಾಕುವ ಒಂದು ವಿಧಾನ. ಬೇಲಿ ಕಂಡರೆ ನನಗೆ ಕೈ ಸುಮ್ಮನಿರುವುದಿಲ್ಲ. ಆ ಪುಟವನ್ನು ತೆಗೆಯಲಿಲ್ಲ, ಅಕ್ಷರ ಇನ್ನಷ್ಟು ದಪ್ಪ ಮಾಡಿದೆ. ಮಾರನೇ ದಿನ ಸಾರ್ ಅದನ್ನು ನಿಜವಾಗಿಯೂ ತಮ್ಮ ಅಜ್ಜಿಗೆ ಓದಿ ಹೇಳಿದ್ದರಂತೆ. ಅಜ್ಜಿ ಅಂದದ್ದು, “ಇದು ಗೊತ್ತಾಯ್ತು ಕಣಪ್ಪ, ನೀನು ಆಫೀಸಲ್ಲಿ ಏನು ಮಾಡ್ತೀಯ ಅನ್ನೋದು ಗೊತ್ತಾಗ್ಲಿಲ್ಲ.”

ಕೈಯಾಡಿಸಿದ ಭಾಯಿ

ಶಿಡ್ಲಘಟ್ಟದಲ್ಲಿ ಗೂಡು ಕೊಂಡು ರೇಷ್ಮೆ ನೂಲು ತೆಗೆಸುವ ಭಾಯಿಯೊಬ್ಬರಿಗೆ ಟೂಲಿನಿಂದಲೇ ಒಂದು ಪರದೆ ಮಾಡಿಕೊಟ್ಟೆವು. ಗೂಡಿನ ಚಿತ್ರ, ಕೆಳಗೆ ‘ಕೊಳ್ಳುತ್ತೇನೆ’, ‘ರದ್ದು’, ‘ದೂರು ಕೊಡಿ’ ಎಂಬ ಗುಂಡಿಗಳು. ಭಾಯಿ ಟ್ಯಾಬ್ ಈಸಿಕೊಂಡವರೇ ಐದೂ ಬೆರಳು ಅಗಲಿಸಿ ಪರದೆಯ ಮೇಲೆಲ್ಲ ಕೈಯಾಡಿಸಿದರು. ಮಾರುಕಟ್ಟೆಯಲ್ಲಿ ಗೂಡಿನ ರಾಶಿಯೊಳಗೆ ಕೈ ಹಾಕಿ ಅಲ್ಲಾಡಿಸಿ ನೋಡದೆ ಅವರು ಯಾವತ್ತೂ ವ್ಯಾಪಾರ ಮಾಡಿದವರಲ್ಲ. ಅರೆಗಳಿಗೆಯಲ್ಲಿ ಗೂಡು ಕೊಂಡೂ ಆಯಿತು, ರದ್ದು ಮಾಡಿಯೂ ಆಯಿತು, ರೈತನ ಮೇಲೆ ದೂರು ಹೋಗಿಯೂ ಆಯಿತು.

ಬಳಸುವವರು ಒಂದೇ ಬೆರಳು ಇಡಬೇಕು ಎಂದು ಕೈಪಿಡಿಯಲ್ಲಿ ಎಚ್ಚರಿಕೆ ಬರಿ ಅಂದರು ಸಾರ್. ಬರೆಯುವುದಿಲ್ಲ ಅಂದೆ. ಭಾಯಿ ಕೈಯನ್ನು ತಿದ್ದಲು ನಾವ್ಯಾರು? ಅವರು ಕೈಯಾಡಿಸಿ ಮುಗಿಸುವ ತನಕ ಗುಂಡಿಗಳು ತೆಪ್ಪಗಿರುವಂತೆ ಕೋಡ್ ಬರೆಸುವುದು ಹೇಗೆಂದು ಬರೆದೆ. ಭಾಯಿಗೆ ತೃಪ್ತಿಯಾಯಿತು, ಪೂರ್ತಿಯಾಗಿ ಅಲ್ಲ.

“ಎಲ್ಲಾ ಚೆನ್ನಾಗೈತೆ ಸಾಬ್. ಆದ್ರೆ ನಿಮ್ ಗೂಡು ಬಹಳ ನುಣುಪು, ನೂಲು ಬರಾಕಿಲ್ಲ.”

ಮರ್ಯಾದಸ್ಥರ ತರಗತಿ

ಷರತ್ತಿನ ಪರೀಕ್ಷೆಯ ದಿನ ಸಾರ್ ಜೊತೆ ಚಿಂತಾಮಣಿಗೆ ಹೋದೆ. ತರಗತಿಯಲ್ಲಿ ಎಲ್ಲ ವಯಸ್ಸಿನವರಿದ್ದರು, ಮುಂದಿನ ಸಾಲಿನಲ್ಲಿ ಕೈವಾರದಿಂದ ಬರುವ ಅಂಗನವಾಡಿ ಟೀಚರಮ್ಮ. ಎಲ್ಲರೂ ಕೈಪಿಡಿ ಓದಿಕೊಂಡು ಸಲೀಸಾಗಿ ಕೊನೆಯ ಹಂತಕ್ಕೆ ಬಂದರು. ಅಲ್ಲಿ ಟೂಲ್ ಕೇಳುತ್ತದೆ: ‘ಕೋಡ್ ಬರೆದುಕೊಡಲೇ?’ ಕೆಳಗೆ ಎರಡು ಗುಂಡಿ, ‘ಕೊಡಿ’ ಮತ್ತು ‘ಬೇಡ’.

ಇಡೀ ತರಗತಿ ‘ಬೇಡ’ ಒತ್ತಿತು. ಪರದೆಗಳೆಲ್ಲ ಖಾಲಿ. ಹಿಂದೆ ನಿಂತಿದ್ದ ಸಾರ್ ಮುಖದಲ್ಲಿ ಬೆಳಕೋ ಬೆಳಕು.

ಯಾಕಮ್ಮ ಹೀಗೆ ಮಾಡಿದ್ರಿ ಎಂದು ಟೀಚರಮ್ಮನನ್ನು ಕೇಳಿದೆ.

“ಕೊಡ್ಲಾ ಅಂದ ತಕ್ಷಣ ಕೊಡಿ ಅನ್ನೋಕಾಗುತ್ತೇನಪ್ಪ? ನಾವೇನು ಊಟ ಕಾಣದೋರಾ? ಇನ್ನೊಂದು ಸಲ ಕೇಳುತ್ತೆ ಅಂದ್ಕೊಂಡೆ. ಕೇಳ್ಲೇ ಇಲ್ಲ, ಬಾಗ್ಲು ಹಾಕ್ಕೊಂಡ್ಬಿಡ್ತು.”

ಹಿಂದಿನ ಸಾಲಿನವರು, ಇದು ಯಾವ ಮನೆತನದ ಮಿಷನ್ನೋ ಎಂದು ತೆಲುಗಿನಲ್ಲಿ ಬೈದುಕೊಂಡರು.

ಸಾರ್ ಕೈ

ಅಲ್ಲಿಗೆ ಮುಗಿಯಿತು, ಕನ್ನಡ ಸೋತಿತು ಅಂದರು ಸಾರ್. ಸೋತಿದ್ದು ಕನ್ನಡವಲ್ಲ, ಮಿಷನ್ನಿಗೆ ಉಪಚಾರ ಗೊತ್ತಿಲ್ಲ, ಊಟದ ಹೊತ್ತು ಮುಗಿಯುವ ತನಕ ಸಮಯ ಕೊಡಿ ಅಂದೆ. ಅವರು ಊಟಕ್ಕೆ ಹೋದರು. ನಾನು ನಮ್ಮ ಟೂಲನ್ನೇ ಹಿಡಿದು, ‘ಬೇಡ’ ಗುಂಡಿಗೆ ಒಂದು ಹ್ಯಾಂಡ್ಲರ್ ಬರೆಸಿದೆ. ಯಾರಾದರೂ ಬೇಡ ಅಂದರೆ ಅದು ಮತ್ತೆ ಕೇಳಬೇಕು: ‘ಸ್ವಲ್ಪನಾದರೂ ಬರೆದುಕೊಡಲೇ?’ ಹೇಗೆ ಮಾಡಿದೆನೆಂದು ಕೈಪಿಡಿಗೂ ಸೇರಿಸಿದೆ, ‘ಉಪಚಾರ’ ಎಂಬ ಹೊಸ ಅಧ್ಯಾಯ.

ಸಾರ್ ವಾಪಸು ಬಂದರು. ತರಗತಿ ಮತ್ತೆ ಕೂತಿತು. ಎಲ್ಲರೂ ‘ಬೇಡ’ ಒತ್ತಿದರು, ಟೂಲ್ ಮತ್ತೆ ಕೇಳಿತು, ಎಲ್ಲರೂ ಗೌರವದಿಂದ ‘ಕೊಡಿ’ ಒತ್ತಿದರು. ಕೋಡ್ ಸರಸರನೆ ಇಳಿಯಿತು. ಟೀಚರಮ್ಮನ ಗುಂಡಿ ಒತ್ತಿದರೆ ‘ಮಕ್ಕಳೇ, ಕೈ ತೊಳೆದು ಬನ್ನಿ’ ಎಂದು ಬಂತು.

ಸಾರ್ ಒಪ್ಪಲಿಲ್ಲ. ಇದೆಲ್ಲ ಹಳ್ಳಿ ಸಂಕೋಚ, ಓದಿದವರು ಹೀಗೆ ಮಾಡಲ್ಲ, ನಾನು ತೋರಿಸ್ತೀನಿ ಏಳಮ್ಮ ಎಂದು ಟೀಚರಮ್ಮನ ಕುರ್ಚಿಯಲ್ಲಿ ಕೂತರು. ಟಕಟಕ ಎಲ್ಲ ಹಂತ ಮುಗಿಸಿದರು. ಟೂಲ್ ಕೇಳಿತು: ‘ಕೋಡ್ ಬರೆದುಕೊಡಲೇ?’

ಸಾರ್ ಅವರದು ಗೌರಿಬಿದನೂರಿನ ಕಡೆಯ ಮನೆತನ, ಹತ್ತು ಜನಕ್ಕೆ ಊಟ ಹಾಕಿ ಬೆಳೆದ ಕೈ. ಅದು ತಾನಾಗಿಯೇ ಹೋಗಿ ‘ಬೇಡ’ ಒತ್ತಿತು.

ಚಿಂತಾಮಣಿ ಬಸ್ ಸ್ಟ್ಯಾಂಡಿಗೆ ಕೇಳುವಂತೆ ತರಗತಿ ನಕ್ಕಿತು. ಟೀಚರಮ್ಮ ಮಾತ್ರ ನಗಲಿಲ್ಲ. ಪಾಪ, ದೊಡ್ಡವರ ಮನೆ ಮಗ, ಇನ್ನೊಂದು ಸಲ ಬಲವಂತ ಮಾಡುತ್ತೆ ಇರಿ ಸಾರ್ ಎಂದು ಸಮಾಧಾನ ಹೇಳಿದರು.

ನಾನು ಬಗ್ಗಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದೆ.

“ಹಂಗಾದ್ರೆ ಕನ್ನಡ ಕೈಪಿಡಿ ಅಳಿಸ್ಬಿಡ್ಲಾ ಸಾರ್?”

ಸಾರ್ ಕೆಂಪಗಾಗಿ ಪರದೆಯನ್ನೇ ನೋಡುತ್ತಾ, “ಬೇಡ” ಅಂದರು.

ನಾನು ಎರಡನೇ ಸಲ ಕೇಳಲಿಲ್ಲ.