ಜಪಾನಿನ ಬಿಳಿ ಮುದ್ದೆ

ಮಂಡ್ಯ ಜಿಲ್ಲೆಯ ಮಾನ ಇನ್ನು ನನ್ನ ಕೈಯಲ್ಲೇ ಇದೆ ಎಂದುಕೊಂಡೇ ನಾನು ವಿಮಾನ ಹತ್ತಿದ್ದು. ನಾಗಮಂಗಲದಲ್ಲಿ ಮರಗೆಲಸ ಕಲಿಸುವ ಕಾಳಪ್ಪ ಮೇಷ್ಟ್ರು ಸ್ವಯಂಸೇವಕನಾಗಿ ಜಪಾನಿಗೆ ಹೋಗುವುದೆಂದರೆ ತೊಂಬತ್ತಮೂರನೇ ಇಸವಿಯಲ್ಲಿ ಸಣ್ಣ ಸುದ್ದಿಯೇ? ಬಸ್ ಸ್ಟ್ಯಾಂಡಿನಲ್ಲೇ ಹಾರ, ಭಾಷಣ, ಫೋಟೊ ಎಲ್ಲ ಆಯಿತು. ಹೆಂಡತಿ ಮಂಗಳಮ್ಮ ಮಾತ್ರ ಕಿವಿಯಲ್ಲಿ ಉಸುರಿದಳು.

"ಅಲ್ಲೇನಾರ ಎಡವಟ್ಟು ಮಾಡ್ಕಂಡು ವಾರಕ್ಕೇ ವಾಪಸ್ ಬಂದ್ಗಿಂದ್ಬುಟ್ಟೀರಿ. ನಾನು ನಲ್ಲಿ ತಾವ ತಲೆ ಎತ್ತಂಗಿಲ್ಲ."

"ನಾನಾ? ಅವ್ರಿಗೇ ನಾಕು ಪಾಠ ಕಲ್ಸಿ ಬತ್ತೀನಿ, ನೋಡ್ತಿರು."

ತರಬೇತಿಯ ಮೊದಲ ದಿನಗಳು ಕನಸಿನಲ್ಲೇ ಕಳೆದವು. ಅಲ್ಲಿ ಬೆಳಗಾದರೂ ನನ್ನ ಮೈಗೆ ಇನ್ನೂ ನಾಗಮಂಗಲದ ನಡುರಾತ್ರಿ. ಕಿಟಕಿಯಾಚೆ ಮಂಜಿನಲ್ಲಿ ಗದ್ದೆಗಳು ತೇಲುತ್ತಿದ್ದವು. ಪಾಂಡವಪುರದ ನಾಲೆಬಯಲನ್ನೇ ಯಾರೋ ಒಗೆದು ಹರವಿದ ಹಾಗೆ. ತರಬೇತುದಾರರು ಬಾಗಿ ನಮಸ್ಕರಿಸಿದರೆ ನಾನೂ ಬಾಗುತ್ತಿದ್ದೆ. ಬಾಗಿದಲ್ಲೇ ಜೋಂಪು ಹತ್ತುತ್ತಿತ್ತು. ಆ ಜೋಂಪಿನಲ್ಲಿ ಹಬೆಯಾಡುವ ರಾಗಿಮುದ್ದೆಯೊಂದು ಮೆಲ್ಲಗೆ ಮೇಲೇಳುತ್ತಿತ್ತು. ಅಯ್ಯೋ, ಎಷ್ಟು ಚೆನ್ನಾಗಿತ್ತು ಅದು!

ಆಮೇಲೆ ನಮ್ಮನ್ನು ಊರಿನ ಮನೆಗಳಲ್ಲಿ ಇರಿಸಿದರು. ಒಂದು ವರ್ಷದಿಂದ ಅಲ್ಲೇ ಇದ್ದು ಭಾಷೆ ಕಲಿತಿದ್ದ ಬೆಳಗೊಳದ ಲೋಕೇಶನಿಗೂ ನನಗೂ ಒಂದೇ ಮನೆ.

"ಉಸಾರು ಕಣಣ್ಣ," ಎಂದ ಅವನು. "ಮನೆಯೋರು ಈವಯ್ಯ ಬ್ಯಾಡ ಅಂದ್ರೆ ಸೀದಾ ಏರೋಪ್ಲೇನೇ."

ಅಂದು ಊಟಕ್ಕೆ ಮನೆಯೊಡತಿ ಬಟ್ಟಲು ತಂದಿಟ್ಟಳು. ಬಿಸಿ ಸಾರು. ಅದರಲ್ಲಿ ಅಕ್ಕಿ ಬೇಯಿಸಿ ಕುಟ್ಟಿ ಮಾಡಿದ ಬೆಳ್ಳನೆಯ ಉಂಡೆ. ನನ್ನ ಕಣ್ಣು ತುಂಬಿತು. ಬಣ್ಣ ಬೇರೆಯಾದರೇನು, ಮುದ್ದೆ ಮುದ್ದೆಯೇ!

"ಅಣ್ಣ, ಅದ್ನ..." ಎಂದ ಲೋಕೇಶ.

"ಸುಮ್ಕಿರ್ಲಾ. ಮುದ್ದೆ ಉಣ್ಣಾದ್ನ ನಂಗೇ ಯೇಳ್ಕೊಡ್ತೀಯಾ?"

ಮುದ್ದೆಯನ್ನು ಅಗಿಯುವವನು ನಮ್ಮ ಕಡೆ ಗಂಡಸರ ಲೆಕ್ಕಕ್ಕೇ ಇಲ್ಲ. ಉಣ್ಣಲು ಕೊಟ್ಟ ಕಡ್ಡಿಗಳನ್ನು ಪಕ್ಕಕ್ಕಿಟ್ಟೆ. ದಪ್ಪನೆಯ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಗುಳುಂ ಎನಿಸಿದೆ.

ಅದು ಗಂಟಲಲ್ಲಿ ಗೋಂದಿನ ಹಾಗೆ ಅಂಟಿ ಕೂತುಬಿಟ್ಟಿತು. ಮೇಲೆ ಬರಲೊಲ್ಲದು, ಕೆಳಗಿಳಿಯಲೊಲ್ಲದು. ಕಣ್ಣು ಮೇಲೆ ಹೋಯಿತು. ಮನೆಯ ಯಜಮಾನ ಒಳಗೋಡಿ ಕಸ ಎಳೆಯುವ ಮಿಷನ್ನು ತಂದ. ನಾನಿಲ್ಲಿ ಸಾಯುತ್ತಿದ್ದರೆ ಇವನಿಗೆ ನೆಲದ ಚಿಂತೆಯೇ ಎಂದುಕೊಂಡೆ. ನೋಡಿದರೆ ಅದರ ಪೈಪು ನನ್ನ ಬಾಯಿಗೇ ಬರುತ್ತಿದೆ! ಅಷ್ಟರಲ್ಲಿ ಮನೆಯೊಡತಿ ಬೆನ್ನಿಗೆ ಧಬಧಬನೆ ಗುದ್ದಿದಳು. ತುತ್ತು ಹಾರಿ ಯಜಮಾನನ ಬಟ್ಟಲಿಗೆ ಬಿತ್ತು.

ಯಜಮಾನ ತರಬೇತಿ ಕೇಂದ್ರಕ್ಕೆ ಫೋನು ಮಾಡಿದ. ನಾನು ಕೋಣೆಗೆ ಹೋಗಿ ಬಟ್ಟೆ ಮಡಿಸತೊಡಗಿದೆ. ನಿಜ ಹೇಳುತ್ತೇನೆ, ಅಳು ಬಂದಿತ್ತು. ಲೋಕೇಶ ಬಾಗಿಲಲ್ಲಿ ನಿಂತ.

"ಕಳುಸ್ತಾರೇನ್ಲಾ?"

"ಇಲ್ಲ ಕಣಣ್ಣ, ಇಟ್ಕತಾರಂತೆ. ಇಂಗೆ ಉಣ್ಣೋನ್ನ ಒಬ್ನೇ ಕಳಿಸುದ್ರೆ ದಾರೀಲಿ ಏನಾರ ಆದಾತು ಅಂತವ್ರೆ."

ಮಾನ ಉಳಿಯಿತು ಎಂದು ನಿಟ್ಟುಸಿರುಬಿಟ್ಟೆ. ಮರುದಿನ ನನ್ನ ಜಾಗ ಬದಲಾಗಿತ್ತು. ಮನೆಯೊಡತಿಯ ಅತ್ತೆ, ತೊಂಬತ್ತು ದಾಟಿದ ಬೊಚ್ಚುಬಾಯಿಯ ಮುದುಕಿ, ಆಕೆಯ ಪಕ್ಕಕ್ಕೆ ನನ್ನನ್ನು ಕೂರಿಸಿದರು. ಇಬ್ಬರ ಬಟ್ಟಲಿಗೂ ಉಂಡೆಯನ್ನು ಕತ್ತರಿಯಲ್ಲಿ ಚೂರುಚೂರು ಕತ್ತರಿಸಿ ಹಾಕಿದರು. ಮುದುಕಿ ನನ್ನನ್ನೇ ನೋಡಿ, ಕೆನ್ನೆ ಸವರಿ ಏನೋ ಅಂದಿತು. ಲೋಕೇಶ ತಲೆ ತಗ್ಗಿಸಿದ.

"ಏನಂತ್ಲಾ ಅಜ್ಜಿ?"

"ಪಾಪ, ಈಟು ಸಣ್ಣ ವಯಸ್ಸಿಗೇ ಹಲ್ಲೆಲ್ಲಾ ಉದುರೋದ್ವಾ, ಅಂತ ಕೇಳ್ತಾವ್ರೆ ಕಣಣ್ಣ."