ಹೊಳೆಗೆ ಹಾರಿದವಳ ಮೃತ್ಯುಪತ್ರ ಹುಡುಕಿಕೊಟ್ಟವರಿಗೆ

ಕೋರ್ಟಿನ ದಾಖಲೆ ಕೋಣೆಯ ಗುಮಾಸ್ತರಾದ ಮಾನ್ಯ ಯಲ್ಲೇಶ ಅವರ ಸನ್ನಿಧಿಗೆ, ರಾಣೆಬೆನ್ನೂರಿನ ನಿವೃತ್ತ ಶಿಕ್ಷಕಿ ಪುಷ್ಪಾವತಿ ಎರಡೂ ಕೈ ಜೋಡಿಸಿ ಬರೆದುಕೊಳ್ಳುವ ದೂರು.

ಮಾನ್ಯರೇ, ಕಾಗದ ಸಿಗಲಿಲ್ಲವೆಂದು ತಮ್ಮನ್ನು ದೂರುವವರು ಬಹಳ ಮಂದಿ. ನನ್ನ ದೂರು, ತಾವು ಅದನ್ನು ಹುಡುಕಿಕೊಟ್ಟಿರಿ ಎಂಬುದು.

ವಂಶಾವಳಿ ಬರೆಯುವ ಹುಕಿಯಲ್ಲಿ ನಾನು 2006ರ ಶ್ರಾವಣದಲ್ಲಿ ಕೇಳಿದ್ದು ಮುತ್ತಜ್ಜ ಅಜ್ಜಪ್ಪನ ಹಳೆಯ ಕಾಗದಗಳನ್ನು. ಹನ್ನೊಂದು ಸಲ "ನಾಳೆ ಬರ್ರಿ ಅಕ್ಕಾರ" ಎಂದ ತಾವು, ಹನ್ನೆರಡನೆಯ ಸಲ ಯಾವ ಮುನ್ಸೂಚನೆಯೂ ಇಲ್ಲದೆ ಕೆಂಪು ಬಟ್ಟೆಯ ಗಂಟು ಬಿಚ್ಚಿ, ಅವನ ಹೆಂಡತಿ ಮೈಲವ್ವ 1938ರಲ್ಲಿ ಬರೆಸಿದ ಮೃತ್ಯುಪತ್ರವನ್ನು ನನ್ನ ಕೈಗಿತ್ತಿರಿ. ನಮ್ಮ ಮನೆತನದ ಪ್ರಕಾರ ಆ ಮಹಾತಾಯಿ 1911ರಲ್ಲೇ, ನಾಲ್ಕು ವರ್ಷದ ಮಗನನ್ನು ಬಿಟ್ಟು, ಗಂಡನಿಗೆ ಎದುರಾಡಿದ ಪಶ್ಚಾತ್ತಾಪದಿಂದ ಮೇಡ್ಲೇರಿಯ ಹತ್ತಿರ ತುಂಗಭದ್ರೆಗೆ ಹಾರಿದ್ದಳು. ದಂಡೆಯ ಮೇಲೆ ಸಿಕ್ಕ ಕೊಡವೇ ಅದಕ್ಕೆ ಸಾಕ್ಷಿ. ಅಜ್ಜಪ್ಪ ಅವಳ ಹೆಸರಿನಲ್ಲಿ ಕಲ್ಲು ನೆಟ್ಟ. ನಾವು ತೊಂಬತ್ತೈದು ವರ್ಷ ಅದಕ್ಕೆ ಹೋಳಿಗೆಯ ಎಡೆ ಹಿಡಿದೆವು.

ತಮ್ಮ ಕಾರ್ಯದಕ್ಷತೆಯಿಂದ ಈಗ ತಿಳಿದುಬಂದದ್ದೇನೆಂದರೆ, ದಿವಂಗತರು ಬ್ಯಾಡಗಿಗೆ ಹೋಗಿ ಗೆಳತಿ ಖತೀಜಾಬಿಯೊಡನೆ ಇಪ್ಪತ್ತೇಳು ವರ್ಷ ಮೆಣಸಿನಕಾಯಿ ಅಂಗಡಿ ನಡೆಸಿದರು. ಪತ್ರದಲ್ಲಿ ಬರೆಸಿದ್ದು ಇಷ್ಟು: ಅಂಗಡಿ ಗೆಳತಿಗೆ, ಬರುವಾಗ ಮಗನ ಕಾಲಿನಿಂದ ಬಿಚ್ಚಿ ತಂದಿದ್ದ ಬೆಳ್ಳಿಯ ಕಡಗ ಮಗನಿಗೆ, "ನನ್ನ ಗಂಡನಿಗೆ ಏನೂ ಇಲ್ಲ, ನನ್ನ ಹೆಸರಿನಲ್ಲಿ ಅವನು ಸಾಕಷ್ಟು ಹೋಳಿಗೆ ತಿಂದಿದ್ದಾನೆ." ಅವಳು ತೀರಿಕೊಂಡ ಮೇಲೆ ಅಜ್ಜಪ್ಪ, ಜೊತೆಗಿದ್ದ ತೀರ್ಪೇ ಹೇಳುವಂತೆ, ಕೋರ್ಟಿಗೆ ಹೋಗಿ, ಅವಳು ಮೊನ್ನೆಮೊನ್ನೆಯವರೆಗೂ ಬದುಕಿದ್ದ ತನ್ನ ಧರ್ಮಪತ್ನಿ, ಅಂಗಡಿ ತನ್ನದು ಎಂದು ಪ್ರಮಾಣ ಮಾಡಿ, ಸೋತು, ಊರಿಗೆ ಮರಳಿ, ಮರುವಾರವೇ ಕಲ್ಲಿಗೆ ಹೂವೇರಿಸಿದ. ಮಗನಿಗೆ ಒಂದು ಮಾತೂ ಹೇಳಲಿಲ್ಲ.

ನಾನು ಬ್ಯಾಡಗಿಗೆ ಹೋದೆ. ಖತೀಜಾಬಿಯ ಮೊಮ್ಮಗಳು ಸಕೀನಾಬಿ ಟ್ರಂಕಿನಿಂದ ಕಡಗ ತೆಗೆದುಕೊಟ್ಟು, "ನಮ್ಮಜ್ಜಿ ಇದನ್ನ ಕೊಡಾಕ ಎರಡು ಸಲ ನಿಮ್ಮ ಮನಿಗೆ ಬಂದಿದ್ಲಂತ್ರಿ. ನಿಮ್ಮ ಮುತ್ತಜ್ಜ ಬಾಗಲದಾಗಿಂದನ ಕಳಿಸಿದ್ರಂತ" ಎಂದರು.

ಅದನ್ನು ಆ ಮಗನ ಹಿರಿಯ ಮಗ, ನನ್ನ ದೊಡ್ಡಪ್ಪ ಗುಡದಪ್ಪನ ಮುಂದಿಟ್ಟಾಗ ನನಗೆ ಭಯವಿತ್ತು. ಎಂಬತ್ತು ವರ್ಷದ ಅವರೇ ಈಗ ಕಲ್ಲಿನ ಪೂಜಾರಿ. ಕೈ ತೂರದ ಆ ಪುಟ್ಟ ಕಡಗವನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. "ನಮ್ಮಪ್ಪ ಸಾಯೂತನಕ ಹೊಳಿಗೆ ಕಾಲಿಡಲಿಲ್ಲವಾ. ಅವ್ವ ಅದರಾಗ ಅದಾಳ ಅಂತಿದ್ದ. ಅವಗರ ಹೇಳಬೇಕಿತ್ತಲ್ಲ ಆ ಮನಶ್ಯಾ" ಎಂದವರು ಎದ್ದು ಒಳಗೆ ಹೋದರು. ಮರುದಿನ ತಾವೇ ಹಾರೆ ಹಿಡಿದು ಕಲ್ಲು ಕಿತ್ತರು.

ಆದ್ದರಿಂದ ಮಾನ್ಯರು ದಯಮಾಡಿ, ಮೈಲವ್ವ ತುಂಗಭದ್ರೆಯಲ್ಲಿ ಮುಳುಗಿ, ಹೊಳೆಯೇ ಇಲ್ಲದ ಬ್ಯಾಡಗಿಯಲ್ಲಿ ಮೇಲೆದ್ದಳೆಂದು ನೆಂಟರಿಗೆ ತೋರಿಸಲು ಒಂದು ದಾಖಲೆ ನೀಡಬೇಕು. ಅಜ್ಜಪ್ಪನವರು ಎಲ್ಲಿದ್ದರೂ ನೋಟೀಸು ಕಳಿಸಿ, ತೊಂಬತ್ತೈದು ವರ್ಷದ ಹೋಳಿಗೆಯನ್ನು ತುಪ್ಪಸಮೇತ ವಾಪಸು ಕೊಡಿಸಬೇಕು.

ಇನ್ನು ಏನನ್ನೂ ಹುಡುಕಬಾರದೆಂದು ಕೋರುವ,
ತಮ್ಮ ವಿಶ್ವಾಸಿ,
ಪುಷ್ಪಾವತಿ

ತಾ.ಕ.: ಅದೇ ಗಂಟಿನ ಅಡಿಯಲ್ಲಿದ್ದ ಇನ್ನೊಂದು ಮೃತ್ಯುಪತ್ರದ ಮೇಲೆ ತಮ್ಮದೇ ಮನೆತನದ ಅಡ್ಡಹೆಸರು ಕಂಡಿತು. ಪರರ ಕಾಗದ ಓದುವುದು ನನ್ನ ಜಾಯಮಾನವಲ್ಲ. ಎರಡೇ ಪುಟ ಓದಿದೆ.