ವಿಲ್ಫನ ಭಾನುವಾರಗಳು

ನಗಬೇಡಿ. ಹೋದ ಸಲ ನಾನು ಮಾತಾಡಿ ಕಳಿಸಿದ್ದನ್ನು ಕೇಳಿ "ಅಜ್ಜನಿಗೆ ವಯಸ್ಸಾಯ್ತು, ಒಂದಕ್ಕೊಂದು ಕಲಸ್ತಾನೆ" ಅಂದವರು ಯಾರು ಎಂಬುದೂ ನನಗೆ ಗೊತ್ತು. ಕಾರ್ಲೈಲ್ ಡಿಪೋದಲ್ಲಿ ರೈಲು ಓಡಿಸುತ್ತ ಒಂದೊಂದು ಸಿಗ್ನಲ್ಲನ್ನೂ ಒಳಗಿಟ್ಟುಕೊಂಡ ತಲೆ ಇದು. ನಿಮಗೆ ನಿನ್ನೆ ಚಾರ್ಜರ್ ಎಲ್ಲಿಟ್ಟಿರಿ ಎಂಬುದೇ ನೆನಪಿಲ್ಲ. ಸುಮ್ಮನೆ ಕೇಳಿ.

ವಿಲ್ಫ್ ಥ್ರೆಲ್‌ಫಾಲ್ ನಮ್ಮ ಡಿಪೋದ ಅತ್ಯಂತ ಸಭ್ಯ ಚಾಲಕ. ಕೆಂಪು ಸಿಗ್ನಲ್ ಬಿದ್ದರೆ ತನ್ನದೇ ತಪ್ಪೇನೋ ಎಂಬಂತೆ ತಲೆ ತಗ್ಗಿಸುತ್ತಿದ್ದ. ಅವನ ಮಗಳು ಟಿಲ್ಲಿಗೆ ಹತ್ತು ವರ್ಷ, ಡಾಲ್‌ಸ್ಟನ್ ಹುಡುಗಿಯರ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಪಂದ್ಯಗಳೆಲ್ಲ ಭಾನುವಾರ. ಭಾನುವಾರ ದುಡಿದರೆ ನಮಗೆ ಸಂಬಳದ ಮೇಲೆ ಬೇರೆ ಹಣ; ವಿಲ್ಫ್ ಒಂದೂ ಬಿಡದೆ ದುಡಿಯುತ್ತಿದ್ದ. ಮಗಳ ಒಂದು ಆಟವನ್ನೂ ನೋಡಿರಲಿಲ್ಲ.

ಹಾಗೆ ದುಡಿದು ವರ್ಷದ ಗಳಿಕೆ ಅರವತ್ತು ಸಾವಿರ ಪೌಂಡ್ ದಾಟಿತು. ದಾಟಿದರೆ, ಹೆಂಡತಿಯ ಖಾತೆಗೆ ಸರ್ಕಾರ ಹಾಕುವ ಮಕ್ಕಳ ಭತ್ಯೆಯಲ್ಲಿ ಒಂದು ಪಾಲನ್ನು ಗಂಡ ವಾಪಸು ಕೊಡಬೇಕು. ಜನವರಿಯಲ್ಲಿ ವಿಲ್ಫ್ ತಾನೇ ಕೂತು ತೆರಿಗೆ ಲೆಕ್ಕ ಸಲ್ಲಿಸಿದ, ಹಣ ಕಟ್ಟಿದ. ಆಮೇಲೆ ಮಗಳಿಗೆ ಮಾತು ಕೊಟ್ಟ: "ಇನ್ಮೇಲೆ ಭಾನುವಾರ ಕೆಲಸ ಇಲ್ಲ ಪುಟ್ಟಾ. ಮೇ ತಿಂಗಳ ಕಡೇ ಪಂದ್ಯಕ್ಕೆ ಬಂದೇ ಬರ್ತೀನಿ."

"ಬಂದಾಗ ನಂಬ್ತೀನಿ ಬಿಡಪ್ಪ," ಅಂದಳು ಟಿಲ್ಲಿ.

ಏಪ್ರಿಲ್ ಸಂಬಳದ ಚೀಟಿ ಬಂತು. ಚಾಲಕರ ಕೋಣೆಯಲ್ಲಿ ಚಹಾ ಕುಡಿಯುತ್ತ ಅವನು ಅದನ್ನು ಬಿಡಿಸಿದ್ದೇ ತಡ, ಜತೆಯ ಚಾಲಕ ಮಂಗೊ ಹೆಗಲ ಮೇಲಿಂದ ಬಗ್ಗಿದ. ಮಂಗೊ ಪದಬಂಧವನ್ನು ಪೆನ್ನಿನಲ್ಲೇ ತುಂಬಿ, ತಪ್ಪಾದರೆ ಪತ್ರಿಕೆಯವರನ್ನು ಬೈಯುವ ಆಸಾಮಿ.

"ಟ್ಯಾಕ್ಸ್ ಕೋಡ್ ನೋಡೋ! ನಮ್ಮೆಲ್ಲರದೂ 1257. ನಿಂದು 1057!"

"ಅದಕ್ಕೇನೀಗ?"

"ಆ ಅಂಕಿ ಇಳಿದಷ್ಟೂ ತೆರಿಗೆ ಏರತ್ತೆ ಕಣೋ. ಜನವರೀಲಿ ಭತ್ಯೆ ವಾಪಸ್ ಕಟ್ಟಿದ್ಯಲ್ಲ? ಅದನ್ನೇ ಈಗ ಸಂಬಳದಲ್ಲೂ ಹಿಡೀತಿದಾರೆ. ಒಂದೇ ಕೋಳಿನ ಎರಡು ಸಲ ಕುಯ್ತಿದಾರೆ!"

ಎದುರಿಗಿದ್ದ ಡಿಲಿಸ್, ವೇಲ್ಸ್ ಕಡೆಯ ಹೆಂಗಸು, ನಮ್ಮಲ್ಲೆಲ್ಲ ಹಿರಿಯ ಚಾಲಕಿ, ಬಿಸ್ಕತ್ತನ್ನು ಕೆಳಗಿಟ್ಟಳು. "ಅಯ್ಯೋ ಪಾಪ. ನಮ್ ಭಾವನಿಗೂ ಹಿಂಗೇ ಕೋಡ್ ಬದಲಾಯ್ಸಿದ್ರು."

"ಆಮೇಲೆ?"

"ಸತ್ತೋದ."

ವಿಲ್ಫ್ ಚೀಟಿಯನ್ನು ಇನ್ನೊಮ್ಮೆ ಓದಿದ.

"ತೆರಿಗೆಯಿಂದಲ್ಲ ಬಿಡು," ಅಂದಳು ಡಿಲಿಸ್. "ಏಣಿಯಿಂದ ಬಿದ್ದು."

ವಿಲ್ಫ್ ಗೋಡೆಯ ಕಡೆ ನೋಡಿದ. ಜುಲೈವರೆಗೆ ಭಾನುವಾರ ದುಡಿಯಲು ಒಪ್ಪುವವರ ಪಟ್ಟಿ ಅಲ್ಲಿ ನೇತಾಡುತ್ತಿತ್ತು. ಸಂಜೆ ನಾಲ್ಕಕ್ಕೆ ಅದು ಮೇಲಿನ ಕಚೇರಿಗೆ ಹೋಗುತ್ತದೆ. ಹೋದ ಮೇಲೆ ಹೆಸರಿದ್ದವನು ದುಡಿಯಲೇಬೇಕು. ಕೋಡ್ ಸರಿಹೋಗದಿದ್ದರೆ ಅವನೂ ಹೆಸರು ಬರೆಯಬೇಕಾಗುತ್ತಿತ್ತು. ಬರೆದರೆ ಟಿಲ್ಲಿಯ ಪಂದ್ಯ ಹೋಯಿತು. ಆದರೆ ಟಿಲ್ಲಿಯ ವಿಷಯವನ್ನು ಅವನು ಯಾರಿಗೂ ಹೇಳಲಿಲ್ಲ. ಮನೆಯ ಸಂಗತಿಯನ್ನು ಚಾಲಕರ ಕೋಣೆಗೆ ತರುವ ಜಾತಿಯಲ್ಲ. "ಈ ತಿಂಗಳು ಕಷ್ಟ," ಎಂದಷ್ಟೇ ಹೇಳಿ ತೆರಿಗೆ ಕಚೇರಿಗೆ ಫೋನ್ ಹಚ್ಚಿದ.

ಸಂಗೀತ ಶುರುವಾಯಿತು. ಸರದಿ ಬರುವವರೆಗೆ ಕಾಯಿಸುವ ಆ ಸಂಗೀತ ಮುಗಿಯಲಿಲ್ಲ. ಅಷ್ಟರಲ್ಲಿ ಮೇರಿಪೋರ್ಟಿಗೆ ಅವನ ರೈಲು ಹೊರಡುವ ಹೊತ್ತಾಯಿತು. ಚಾಲಕನ ಕ್ಯಾಬಿನಲ್ಲಿ ಮೊಬೈಲ್ ಆರಿಸಿರಬೇಕು. ಆನ್ ಇದ್ದರೆ ಕೆಲಸವೇ ಹೋದೀತು. ಈಗ ಫೋನ್ ಇಟ್ಟರೆ ಮತ್ತೆ ಸಾಲಿನ ಕೊನೆಗೆ.

"ಕೊಡು ಇಲ್ಲಿ," ಅಂದಳು ಡಿಲಿಸ್. "ನೀ ರೈಲ್ ಓಡ್ಸು, ಸರದಿ ನಾವ್ ಕಾಯ್ತೀವಿ."

ಸಕ್ಕರೆ ಡಬ್ಬಿಗೂ ಹಾಲಿಗೂ ನಡುವೆ ಆ ಫೋನನ್ನು ಮಲಗಿಸಿದೆವು. ಹೆಣ ಕಾಯುವವರ ಹಾಗೆ ಸುತ್ತ ಕೂತೆವು. ಬಂದವರು ಟೋಪಿ ತೆಗೆದು ದನಿ ತಗ್ಗಿಸಿ ಕೇಳುತ್ತಿದ್ದರು: "ಇನ್ನೂ ಇಲ್ವಾ?" "ಇನ್ನೂ ಇಲ್ಲ."

ವಿಲ್ಫನ ರೈಲು ವಾಪಸು ಬರುವ ಹೊತ್ತಿಗೆ ಸಂಗೀತ ನಿಂತಿತು. ಮಂಗೊ ಫೋನ್ ಕಸಿದುಕೊಂಡ.

"ಥ್ರೆಲ್‌ಫಾಲ್ ಅವರಾ?" ಹೆಣ್ಣು ದನಿ.

"ಹೌದು ತಾಯೀ."

"ಹುಟ್ಟಿದ ದಿನಾಂಕ?"

ಮಂಗೊ ಗಾಬರಿಯಲ್ಲಿ ತನ್ನದೇ ಹೇಳಿಬಿಟ್ಟ.

"ನೀವು ಅವರಲ್ಲ."

"ಅವನಲ್ಲ, ಒಪ್ಕೋತೀನಿ! ಅವನು ಬರ್ತಿದಾನೆ ತಾಯೀ, ಇಡಬೇಡಿ, ಸೇತುವೆ ದಾಟಿದ, ಸಿಗ್ನಲ್ ಹಸಿರಾಯ್ತು, ಅಗೋ ದೀಪ ಕಾಣಿಸ್ತು!" ಎಂದು ಕುದುರೆ ರೇಸಿನ ವಿವರಣೆ ಕೊಡುತ್ತ ಮಂಗೊ ಪ್ಲಾಟ್‌ಫಾರ್ಮಿಗೆ ಓಡಿದ. ಹಿಂದೆ ನಾವು.

ವಿಲ್ಫ್ ಇಳಿದು ಫೋನ್ ಹಿಡಿದ. ಗದ್ದಲಕ್ಕೆ ಕೇಳಿಸದೆ ಸ್ಪೀಕರ್ ಹಾಕಿದ. ಪ್ರಯಾಣಿಕರೂ ಸುತ್ತ ನೆರೆದರು.

"ಎರಡು ಸಲ ಹಿಡೀತಿಲ್ಲ ಥ್ರೆಲ್‌ಫಾಲ್ ಅವರೇ," ಅಂದಳು ಅಧಿಕಾರಿಣಿ. "ಜನವರೀಲಿ ಕಟ್ಟಿದ್ದು ಹೋದ ವರ್ಷದ ಏಪ್ರಿಲ್‌ಗೆ ಮುಗಿದ ತೆರಿಗೆ ವರ್ಷದ್ದು. ಕೋಡಲ್ಲಿರೋದು ಈ ಏಪ್ರಿಲ್‌ನಲ್ಲಿ ಶುರುವಾದ ವರ್ಷದ್ದು. ಈ ವರ್ಷವೂ ಅರವತ್ತು ಸಾವಿರ ದಾಟ್ತೀರಿ ಅಂತ ಅಂದಾಜು ಮಾಡಿ, ತಿಂಗಳಿಗಿಷ್ಟು ಅಂತ ಮುಂಚೇನೇ ಹಿಡೀತಿದೀವಿ."

"ಹಂಗಾರೆ ನಡುವಿನ ವರ್ಷದ್ದು?" ಎಂದು ಕೂಗಿತು ತಳ್ಳುಗಾಡಿ ಹಿಡಿದ ಒಂದು ಮುದುಕಿ.

"ಯಾರದು? ಅದು ಮುಂದಿನ ಜನವರಿಗೆ."

"ಸುಮ್ನಿರಜ್ಜಿ, ನೆನಪು ಮಾಡಬೇಡ!" ಅಂದ ಮಂಗೊ.

ವಿಲ್ಫ್ ಫೋನನ್ನು ಬಾಯಿಗೆ ಹತ್ತಿರ ತಂದ. "ಮೇಡಂ, ಈ ವರ್ಷ ನಾನು ದಾಟಲ್ಲ. ಭಾನುವಾರ ದುಡಿಯಲ್ಲ."

"ಖಂಡಿತಾನಾ?"

"ಖಂಡಿತ."

"ಹಾಗಾದ್ರೆ ತೆಗೆದುಹಾಕ್ತೀನಿ. ಮುಂದಿನ ತಿಂಗಳು 1257. ಗಳಿಕೆ ಹೆಚ್ಚಾದ್ರೆ ಮಾತ್ರ ನಮಗೆ ತಿಳಿಸಲೇಬೇಕು."

ಪ್ಲಾಟ್‌ಫಾರ್ಮೆಲ್ಲ ಚಪ್ಪಾಳೆ. ಮಂಗೊ, ಡಿಲಿಸ್ ಇಬ್ಬರೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಲ್ಫ್ ಕಣ್ಣೊರೆಸಿಕೊಳ್ಳುತ್ತ ಕೋಣೆಗೆ ನಡೆದ. ಗೋಡೆಯಲ್ಲಿ ಪಟ್ಟಿ ಇರಲಿಲ್ಲ. ನಾಲ್ಕು ದಾಟಿತ್ತು.

"ಪರವಾಗಿಲ್ಲ," ಅಂದ ನೆಮ್ಮದಿಯಿಂದ. "ನನ್ನ ಹೆಸರೇನೂ ಇರ್ಲಿಲ್ಲವಲ್ಲ."

ಡಿಲಿಸ್ ಬಂದು ಅವನ ಎರಡೂ ಕೈ ಹಿಡಿದಳು. ಇಗರ್ಜಿಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದಳು: "ಇದೆ ವಿಲ್ಫ್. ನಿನಗೆ ಕಷ್ಟ ಅಂತ ನನ್ ಭಾನುವಾರಗಳಿಗೆಲ್ಲ ನಿನ್ ಹೆಸರು ಬರೆದೆ. ಆ ದುಡ್ಡನ್ನ ಚಾವಣಿ ರಿಪೇರಿಗೆ ಅಂತ ಇಟ್ಕೊಂಡಿದ್ದೆ. ಸೋರಲಿ ಬಿಡು."

"ನಂದೂ ಕಣೋ," ಅಂದ ಮಂಗೊ, ಬೂಟು ನೋಡುತ್ತ. "ಜುಲೈವರೆಗೆ ಒಂದೂ ಬಿಟ್ಟಿಲ್ಲ."

ಬೇಡ ಎನ್ನುವುದು ಹೇಗೆ? ಸೋರುವ ಚಾವಣಿ ಕೊಟ್ಟಿದ್ದಾಳೆ. ವಿಲ್ಫ್ ತಲೆ ತಗ್ಗಿಸಿದ. "ಥ್ಯಾಂಕ್ಸ್," ಎಂದ. ಆಮೇಲೆ ಮೂಲೆಗೆ ಹೋಗಿ, ಗಳಿಕೆ ಹೆಚ್ಚಾಗುತ್ತದೆಂದು ತಿಳಿಸಲು ಅದೇ ನಂಬರಿಗೆ ಫೋನ್ ಹಚ್ಚಿದ. ಸಂಗೀತ ಶುರುವಾಯಿತು.

ಕಡೇ ಪಂದ್ಯದ ಭಾನುವಾರ ವಿಲ್ಫ್ ರೈಲಿನಲ್ಲಿದ್ದ. ಡಾಲ್‌ಸ್ಟನ್ನಿನ ಆಟದ ಬಯಲು ಹಳಿಯ ಪಕ್ಕದಲ್ಲೇ ಇದೆ. ಮರಗಳು ಸರಿದವು, ಗೋಲಿನ ಮುಂದೆ, ದೊಡ್ಡ ಕೈಗವಸು ತೊಟ್ಟು, ಮೊಣಕಾಲು ಬಾಗಿಸಿ ನಿಂತಿದ್ದ ಮಗಳನ್ನು ಅವನು ಮೊದಲ ಸಲ ಕಂಡ. ಎಂಥ ಠೀವಿ! ಎದುರಿನ ಹುಡುಗಿ ಚೆಂಡು ತೆಗೆದುಕೊಂಡು ಓಡಿ ಬರುತ್ತಿದ್ದಳು. ಆದರೆ ಅಲ್ಲೇ ಕಾಲುದಾರಿ ಹಳಿ ದಾಟುತ್ತದೆ, ಹಾರ್ನ್ ಊದಲೇಬೇಕೆಂಬ ಫಲಕವಿದೆ. ವಿಲ್ಫ್ ನಿಯಮ ಮೀರುವವನಲ್ಲ.

ಊದಿದ. ಟಿಲ್ಲಿ ತಿರುಗಿ ನೋಡಿದಳು, ಅಪ್ಪನ ರೈಲು ಎಂದು ಕೈಯನ್ನೂ ಎತ್ತಿದಳು. ಆಟದ ಏಕೈಕ ಗೋಲು ಅದೇ.

ರಾತ್ರಿ ಊಟದ ಮೇಜಿನಲ್ಲಿ ಟಿಲ್ಲಿ ಚಮಚ ಕೆಳಗಿಟ್ಟಳು.

"ನೀನು ಬಂದಿದ್ದೆ ಅಲ್ವಾಪ್ಪಾ?"

"ಬಂದಿದ್ದೆ ಪುಟ್ಟಾ."

"ಇನ್ನೊಂದ್ಸಲ ಬರಬೇಡ."

ಇಷ್ಟೇ. ಇದನ್ನು ನಾಲ್ಕು ಜನಕ್ಕೆ ಕಳಿಸಿ. ಮೊದಲು ಮಂಗೊಗೆ ಕಳಿಸಿ. ತಾನು ಒಂದು ಸಂಸಾರವನ್ನು ಉಳಿಸಿದೆ ಅಂತ ಅವನು ಇವತ್ತಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ.